ಮೊಣಕಾಲಿನ ತೂತು

ದಸ್ತಗೀರ ತಂದ ರೇಸಿನ ಚರ್ಮದ ಸೂಟಿಗೆ
ಎಡ ಮೊಣಕಾಲಲ್ಲಿ ಅಂಗೈಯಗಲ ತೂತು.
ಮೂವತ್ತು ವರ್ಷ ಚಪ್ಪಲಿ ಹೊಲಿದವ ನಾನು,
ಸವೆತ ಓದಬಲ್ಲೆ: ಯಾರು ಕುಂಟುತ್ತಾರೆ,
ಯಾರು ರಾತ್ರಿ ತುದಿಗಾಲಲ್ಲಿ ಮನೆ ಸೇರುತ್ತಾರೆ.
ಇದು ಮಾತ್ರ ನೆಲವನ್ನೇ ಕೆಣಕಿ ಸವೆದದ್ದು.

ಭುಜದ ಮೇಲೆ ಬೇರೊಬ್ಬನ ಹೆಸರು,
ಕಿತ್ತ ದಾರದ ಗುರುತಷ್ಟೇ.
ಆಗ ಕೇಳಲಿಲ್ಲ.

"ಯಾಕಪ್ಪಾ ಬೇಕು ಇದು?" ಅಂದೆ,
ದಾರಕ್ಕೆ ಮೇಣ ಸವರುತ್ತ.
ಹಳೇ ದಾವಣಗೆರೆಯ ಭಟ್ಟಿಯ ಹೊಗೆಯಲ್ಲಿ ಬೆಳೆದವ, ನಕ್ಕ.
"ಕಾದ ಮರಳಿಗೆ ಬಿದ್ದ ಮಂಡಕ್ಕಿ ಅಕ್ಕಿ ನೋಡೀಯೇನು ಕಾಕಾ?
ಒಂದುಸಿರು ಮೊದಲು ತೆಗೆದರೆ ಹಲ್ಲಿಗೆ ಕಲ್ಲು,
ಒಂದುಸಿರು ತಡ ಆದರೆ ಕರಕು.
ನಡುವೆ ಒಮ್ಮೆ ಚಟ್ ಅಂತ ಅರಳತೈತಲ್ಲ,
ತಿರುವಿನಾಗ ನಾ ಅಷ್ಟು ಹೊತ್ತು ಇರ್ತೀನಿ.
ಅಷ್ಟs."

"ಇವನು?" ಭುಜ ತೋರಿಸಿದೆ.
"ಅಣ್ಣ," ಅಂದ.
ಚಹಾ ತರ್ತೀನಿ ಅಂತ ಎದ್ದು ಹೋದ.

ಪಿ.ಬಿ. ರೋಡಿನ ಲಾರಿಯೊಂದು ಗೂಡಂಗಡಿ ನಡುಗಿಸಿತು.
ಎರಡೆಳೆ ಸಾಕಿತ್ತು, ಮೂರೆಳೆ ಹಾಕಿದೆ.
ಹೊಲಿಗೆ ಬಿಗಿಯಾದಷ್ಟೂ ಹುಡುಗ
ಇನ್ನಷ್ಟು ಬಾಗುತ್ತಾನೆಂದು
ಗೊತ್ತಿದ್ದೂ.