ಒಂದು ಕಣ್ಣು ಹೊಸದು

ಕಪ್ಪು ಕನ್ನಡಕ ಹಣೆಗೇರಿಸಿ
ದೇವೀರಮ್ಮ ನಿಂತಿದ್ದಾಳೆ ಎಂ.ಜಿ. ರಸ್ತೆಯ ಬಾಯಲ್ಲಿ.
ಬಲಗಣ್ಣಿನ ಪೊರೆ ತೆಗೆದು ಹದಿನೆಂಟು ದಿನ.
ಎಡದ್ದು ಇನ್ನೂ ಹಳೇದು.

ನಾನು ಮೂವತ್ತೊಂದು ವರ್ಷ ಕಂಬ ಹತ್ತಿದವನು.
ನನಗೆ ಮೊದಲು ಕಾಣುವುದು ತಂತಿ, ಆಮೇಲೆ ನಕ್ಷತ್ರ.
ಚಪ್ಪಲಿ ಅಂಗಡಿಯ ಮುಂದೆ ಜೋಡಿಸಿದ ಕಡೆ ಟೇಪು ಸುತ್ತಿಲ್ಲ,
ಬೇಕರಿಯವನು ಒಂದೇ ಪ್ಲಗ್ಗಿಗೆ ನಾಲ್ಕು ಸರ ಸಿಕ್ಕಿಸಿದ್ದಾನೆ,
ರಸ್ತೆಗಡ್ಡ ಬಿಗಿದ ದೀಪದ ತೋರಣ ಜೋತು
ಬಸ್ಸಿನ ನೆತ್ತಿಗೆ ಒಂದೇ ಗೇಣು.
ನೋಡೇ ಅಲ್ಲಿ, ಅಂದರೆ
ಅವಳಿಗೆಲ್ಲಿ ಪುರುಸೊತ್ತು.
ಬಲಗಣ್ಣು ಮುಚ್ಚುತ್ತಾಳೆ, ತೆರೆಯುತ್ತಾಳೆ,
ಎಡಗಣ್ಣು ಮುಚ್ಚುತ್ತಾಳೆ.
ಎದುರಿಗೆ ಬಂದ ಪ್ರವಾಸಿ ಹುಡುಗನೊಬ್ಬ
ಅಜ್ಜಿ ತನಗೇ ಕಣ್ಣು ಹೊಡೆದಳೆಂದು
ಮೊಬೈಲು ಇಳಿಸಿ ತಬ್ಬಿಬ್ಬಾದ.

"ರೀ, ಹೊಸದರಲ್ಲಿ ನಕ್ಷತ್ರ ನೀಲಿ.
ಹಳೇದರಲ್ಲಿ ಬೆಲ್ಲದ ಪಾಕ, ದಪ್ಪಕ್ಕೆ, ಅಂಚು ಕರಗಿ.
ನಿಜ ಯಾವುದು?"
ಒಂಬತ್ತು ವ್ಯಾಟು, ಬಿಳಿ, ಅಂದೆ.
"ನಿಮ್ಮನ್ನ ಕೇಳಿದೆನಲ್ಲ."

ಬೇಕರಿಯ ಗಾಜಿನೊಳಗೆ ಹಿಮ ಸುರಿದಿದ್ದಾರೆ.
"ಎಷ್ಟೊಂದು ಹತ್ತಿ! ಆಸ್ಪತ್ರೇಲಿ ನನಗೆ
ಇಷ್ಟೇ ಇಷ್ಟು ಇಟ್ಟಿದ್ದರು."

ಸೀರೆ ಅಂಗಡಿಯ ಬಾಗಿಲಲ್ಲಿ ಸಾಂತಾ ಗಂಟೆ ಅಲ್ಲಾಡಿಸುತ್ತಾನೆ,
ಕೆಂಪು ನಿಲುವಂಗಿಯ ಕೆಳಗೆ ಹವಾಯಿ ಚಪ್ಪಲಿ.
ಗಡ್ಡವನ್ನು ಕುತ್ತಿಗೆಗೆ ಎಳೆದು ಟೀ ಕುಡಿಯುವಾಗ ಗುರುತು ಹತ್ತಿತು,
ಹೂವಿನ ಚೆನ್ನವೀರಯ್ಯನ ಮೊಮ್ಮಗ.
"ಏನಪ್ಪಾ, ಚಳಿಗೆ ಒಳ್ಳೇ ಅಂಗಿ," ಅಂದಳು.
ಅವನು ಚಾಕಲೇಟು ಕೊಟ್ಟು,
ಮಾಲೀಕನ ಕಡೆ ತಿರುಗಿ, ಗಡ್ಡ ಸರಿಮಾಡಿಕೊಂಡ.

ಆಗ ಹೋಯಿತು ಕರೆಂಟು.
ಇಡೀ ರಸ್ತೆ ಓ ಅಂದಿತು.
ನನ್ನ ಕೈ ತಾನಾಗಿ ಸೊಂಟಕ್ಕೆ ಹೋಯಿತು, ಇಕ್ಕಳಕ್ಕೆ.
ಸೊಂಟದಲ್ಲಿ ಉಡಿದಾರ ಬಿಟ್ಟು ಏನೂ ಇಲ್ಲ.

ಹಿಂದೊಮ್ಮೆ ಇಂಥದೇ ಚಳಿಯಲ್ಲಿ
ಚರ್ಚಿನ ಹಿಂದಿನ ಟ್ರಾನ್ಸ್‌ಫಾರ್ಮರು ಢಂ ಅಂದಿತ್ತು.
ಒಳಗೆ ಮೇಣದ ಬತ್ತಿಯಲ್ಲೇ ಹಾಡು, ನಾನು ಕಂಬದ ಮೇಲೆ.
ಕರೆಂಟು ಬಂದ ಕೂಡಲೇ ಹಾಡು ಒಂದು ಸಾಲು ತಪ್ಪಿತು,
ಮತ್ತೆ ಹಿಡಿದುಕೊಂಡಿತು.
ಯಾರೋ ಹೆಂಗಸು, ಹೆಸರು ಕೇಳಲಿಲ್ಲ,
ಪೇಪರಿನಲ್ಲಿ ನೆವ್ರಿ ಕಟ್ಟಿಕೊಟ್ಟಳು.
ಮನೆಗೆ ಒಯ್ದು ನೆವ್ರಿ ತೋರಿಸಿದೆ,
ಸುಟ್ಟ ಮುಂಗೈ ಬೆನ್ನ ಹಿಂದೆ ಇಟ್ಟುಕೊಂಡು.

ದೀಪ ಮರಳಿ ಬಂದಾಗ
ಅವಳು ನೋಡುತ್ತಿದ್ದುದು ಆ ಮುಂಗೈಯನ್ನೇ, ಹೊಸ ಕಣ್ಣಿನಲ್ಲಿ.
"ಇದು ಮಾಸಿಹೋಯಿತು ಅಂದಿದ್ದಿರಿ."
ಮಾಸಿದ್ದು ನಿನ್ನ ಕಣ್ಣು ಕಣೇ, ಅನ್ನಲಿಲ್ಲ.
ಚಾಕಲೇಟಿನ ಕಾಗದ ಬಿಡಿಸಿಕೊಟ್ಟೆ.

ಚರ್ಚಿನ ಅಂಗಳದಲ್ಲಿ ಗೋದಲಿ.
ಒಣಹುಲ್ಲು, ಬಂಡೆಯಿಂದ ಕೆತ್ತಿ ತಂದ ಪಾಚಿ,
ಸಿಲ್ವರ್ ಓಕಿನ ಕೊಂಬೆ,
ಕಾಲು ಮುರಿದ ಒಂಟೆಗೆ ಇಟ್ಟಿಗೆ ಚೂರಿನ ಆಸರೆ.
ತಾಯಿ, ತಂದೆ, ಎರಡು ಕುರಿ, ಎಲ್ಲರೂ ಬಗ್ಗಿ ನೋಡುತ್ತಿದ್ದಾರೆ.
ದೇವೀರಮ್ಮನೂ ಬಗ್ಗಿದಳು.
ಬಲಗಣ್ಣು ಮುಚ್ಚಿದಳು. ಎಡಗಣ್ಣು ಮುಚ್ಚಿದಳು.
ಮತ್ತೆ ಬಲ.
ನನ್ನ ತೋಳು ಗಟ್ಟಿಯಾಗಿ ಹಿಡಿದಳು.
"ರೀ, ನನಗೆ ಮಗು ಕಾಣ್ತಿಲ್ಲ."

ಏಣಿಯ ಮೇಲೆ ಬಲ್ಬು ತಿರುಗಿಸುತ್ತಿದ್ದ ಹುಡುಗ
ಅಲ್ಲಿಂದಲೇ ಅಂದ,
"ಇನ್ನೂ ಹುಟ್ಟಿಲ್ಲ ಅಜ್ಜೀ,
ನಾಡಿದ್ದು ರಾತ್ರಿ ಹನ್ನೆರಡಕ್ಕೆ."

ಭುಜ ಕುಣಿಯುವ ಹಾಗೆ ನಕ್ಕಳು, ಒಂಟೆಗೆ ಒರಗುವಷ್ಟು.
ಕಣ್ಣಿಗೆ ನೀರು ತಾಗಬಾರದು ಅಂದಿದ್ದರು ಡಾಕ್ಟರು,
ನಾನು ಕರವಸ್ತ್ರ ಹುಡುಕುತ್ತಾ
ಆ ಹುಡುಗನಿಗೆ ಏಣಿ ಸರಿಯಾಗಿ ಆನಿಸೋ ಅಂತ ಗದರಿದೆ.

ಎಡಗಣ್ಣಿಗೆ ಸಂಕ್ರಾಂತಿ ಕಳೆದ ಮೇಲೆ ತಾರೀಕು.
"ಆಮೇಲೆ ಪಾಕ ಇರಲ್ಲ," ಅಂದಳು,
"ಇನ್ನೊಂದು ಸುತ್ತು ಹೋಗೋಣ."
ಗಿರಿಯ ಕಡೆಯಿಂದ ಚಳಿ ಇಳಿಯುತ್ತಿತ್ತು,
ಕಾಫಿಪುಡಿ ಅಂಗಡಿ ಬಾಗಿಲು ಎಳೆಯುತ್ತಿತ್ತು.
ಒಂದು ಅಂಗೈಯಿಂದ ಹೊಸ ಕಣ್ಣು ಮುಚ್ಚಿ
ಇನ್ನೊಂದು ಕೈ ನನಗೆ ಕೊಟ್ಟಳು.
ಇಲ್ಲಿ ಮೆಟ್ಟಿಲು. ಇಲ್ಲಿ ಮೋರಿ ಕಲ್ಲು, ಅಲ್ಲಾಡುತ್ತೆ.
ಇಲ್ಲಿ ಏನಿಲ್ಲ, ನಡಿ.

ಜೋತ ತೋರಣದಡಿ ಕಡೂರಿನ ಬಸ್ಸು
ತಾಗದೆ ದಾಟಿತು.