ಮೂವತ್ತೊಂದು ಮಿಲಿಮೀಟರ್

ಪೋತಿ ಬಂದರಿನಲ್ಲಿ ಟಾರ್ಚ್ ಹಿಡಿಯುವುದು ನನ್ನ ಕೆಲಸ.
ಹಿಡಿಯುವುದೆಂದರೆ ಸುಮ್ಮನೆ ಅಲ್ಲ,
ಲಮಾರಾಳ ಕಣ್ಣು ಎಲ್ಲಿಗೆ ಹೋಗಲಿದೆಯೋ
ಅಲ್ಲಿಗೆ ಬೆಳಕು ಅರೆಗಳಿಗೆ ಮೊದಲೇ ಹೋಗಿ
ಕೂತಿರಬೇಕು.

ಗುರಾಮನ ದೋಣಿಯ ಎಂಜಿನ್ ಗೂಡಿನಲ್ಲಿ
ಒಬ್ಬರು ಉಸಿರೆಳೆದರೆ ಇನ್ನೊಬ್ಬರು ಬಿಡಬೇಕು.
ಸ್ಟಾರ್ಟರ್ ಮೋಟಾರಿಗೆ ಮೂರು ನಟ್ಟು.
ಎರಡು ಬಂದವು, ಹೇಳಿದ್ದು ಕೇಳುವ ಮಕ್ಕಳ ಹಾಗೆ.
ಮೂರನೆಯದು ಮೇಲೆ, ಹಿಂದೆ,
ಕಬ್ಬಿಣದ ಗೋಡೆಗೆ ಮುಖ ಕೊಟ್ಟು
ಹದಿನೇಳು ವರ್ಷದ ತುಕ್ಕು ಹೊದ್ದು ಮಲಗಿತ್ತು.

ಸ್ಪಾನರ್ ಹೋಯಿತು, ತಿರುಗಲಿಲ್ಲ.
ಸಾಕೆಟ್ ತಿರುಗುತ್ತಿತ್ತು, ಹೋಗಲಿಲ್ಲ.

ಎಂಜಿನ್ನೇ ಎತ್ತಿಬಿಡಿ, ಅಂದ ಗುರಾಮ,
ಅನ್ನುವಾಗಲೇ ಕ್ರೇನಿನ ಬಾಡಿಗೆ ನೆನೆದು ಬಿಳಿಚಿಕೊಂಡ.
ಮೂರು ದಿನ. ಹೊರಗೆ ಕಪ್ಪು ಸಮುದ್ರದಲ್ಲಿ
ಬೆರಳುದ್ದದ ಆಂಚೊವಿ ಹಿಂಡು ಹಿಂಡಾಗಿ
ಯಾರಿಗೂ ಕಾಯದೆ ದಕ್ಷಿಣಕ್ಕೆ ಸಾಗುತ್ತಿತ್ತು.
ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಅಂತಾರೆ.
ಇಲ್ಲಿ ಉಗುರೂ ಹೋಗುತ್ತಿರಲಿಲ್ಲ.

ಆಗ ಲಮಾರಾ ಅಡುಗೆಯ ಝುಝುನಾಳ ಬೋಗುಣಿಯಿಂದ
ಕಲಸಿಟ್ಟ ಮೆಕ್ಕೆಜೋಳದ ಹಿಟ್ಟು ಒಂದು ಮುಷ್ಟಿ
ಕೇಳದೆ ಕಿತ್ತುಕೊಂಡಳು.
ಆ ಸಂದಿಗೆ ತುರುಕಿ, ಹೆಬ್ಬೆರಳಲ್ಲಿ ಒತ್ತಿ,
ಹಸುಗೂಸನ್ನು ಎತ್ತುವಷ್ಟು ನಿಧಾನವಾಗಿ ಹೊರತೆಗೆದಳು.
ಬೆಂಕಿಪೊಟ್ಟಣದಲ್ಲಿ ಮಲಗಿಸಿ ಜೇಬಿಗಿಟ್ಟಳು.

ಶಾಲ್ವಾನ ಅಂಗಡಿ. ಅವನು ಮೊದಲು ತೆರೆದದ್ದು
ನೂರೆಂಟು ತುಂಡುಗಳ ಪೆಟ್ಟಿಗೆ, ಕೆಂಪು ಮಖಮಲ್ಲು,
ಒಂದೊಂದೂ ಮದುವೆ ಗಂಡಿನ ಹಾಗೆ ಹೊಳೆಯುತ್ತಿತ್ತು.
ಲಮಾರಾ ಮುಚ್ಚಿದಳು. ಬೆಂಕಿಪೊಟ್ಟಣ ತೆರೆದಳು.
ಅವನು ನಕ್ಕ. ಆಮೇಲೆ ನಗಲಿಲ್ಲ.
ಕ್ಯಾಲಿಪರ್ ತಂದು, ಕನ್ನಡಕ ಏರಿಸಿ,
ಹಲ್ಲಿನ ಡಾಕ್ಟರನ ಹಾಗೆ ಬಗ್ಗಿದ:
ಗೋಡೆಯಿಂದ ನಟ್ಟಿನ ಬುಡಕ್ಕೆ ಮೂವತ್ತೊಂದು.
ನಡುವೆ ಈ ಕುಳಿ ಏನು?
ಸ್ಟಡ್ಡು, ಅಂದಳು. ನಟ್ಟು ದಾಟಿ ಹೊರಗೆ ಚಾಚಿದೆ.

ಸಾಮಾನ್ಯ ಸಾಕೆಟ್, ಅದರ ತಲೆ ಮೇಲೆ ರ್‍ಯಾಚೆಟ್:
ನಲವತ್ತೊಂಬತ್ತು. ಪಕ್ಕಕ್ಕೆ.
ಗಿಡ್ಡ ಸಾಕೆಟ್ಟಿನ ಹೊಟ್ಟೆಗೆ ಸ್ಟಡ್ಡು ಬಡಿಯುತ್ತೆ. ಪಕ್ಕಕ್ಕೆ.
ಹನ್ನೆರಡು ಮೂಲೆಯದು ತುಕ್ಕಿನ ಮೇಲೆ ಜಾರುತ್ತೆ.
ಕೊನೆಗೆ ಶಾಲ್ವಾ ಕೆಳಗಿನ ಖಾನೆಯಿಂದ
ಎಣ್ಣೆಕಾಗದ ಸುತ್ತಿದ್ದೊಂದು ತೆಗೆದ:
ರ್‍ಯಾಚೆಟ್ಟಿನ ತಲೆ ಬರೀ ಬಳೆ,
ಸಾಕೆಟ್ ಅದರ ಮೇಲಲ್ಲ, ಒಳಗೇ ಕೂರುವುದು,
ಆರು ಮೂಲೆ, ತೆಳು ಗೋಡೆ, ಆರಪಾರ ತೂತು.
ಎತ್ತರ ಇಪ್ಪತ್ತೆರಡು.
ಒಳಗೆ ಎಪ್ಪತ್ತೆರಡು ಹಲ್ಲು,
ಹಿಡಿ ಐದು ಡಿಗ್ರಿ ಅಲ್ಲಾಡಿದರೂ ಸಾಕು.

ನೋಡೋಕೆ ಏನೂ ಇಲ್ಲವಲ್ಲ, ಅಂದೆ ನಾನು.
ಲಮಾರಾ ದುಡ್ಡು ಎಣಿಸುತ್ತಿದ್ದಳು.
ಹೋಗೋದು ಒಂದು ವಿದ್ಯೆ, ತಿರುಗೋದು ಇನ್ನೊಂದು, ಅಂದಳು,
ಎರಡೂ ಇರೋದು ನೋಡೋಕೆ ಹೀಗೇ.
ಮತ್ತೆ ಎಣಿಸಿದಳು. ಎರಡು ಲಾರಿ ಕಡಿಮೆ ಬಿತ್ತು.
ನನ್ನ ಬಸ್ಸಿನ ದುಡ್ಡು ಹೋಯಿತು.

ನಡೆದೇ ಬಂದೆವು.
ಗೂಡಿನೊಳಗೆ ಅವಳು ಗ್ಲೌಸು ಕಳಚಿದಳು,
ಗ್ಲೌಸಿಗೂ ಜಾಗವಿರಲಿಲ್ಲ.
ತೋಳು ಮೊಣಕೈವರೆಗೆ ಕತ್ತಲೊಳಗೆ ಇಳಿಯಿತು.
ನಾನು ಬೆಳಕನ್ನು ಅತ್ತ ಇತ್ತ ಹೊರಳಿಸಿದೆ,
ಅದು ಅವಳ ಮಣಿಕಟ್ಟಿಗೆ ಬಡಿದು ವಾಪಸಾಯಿತು.
ನೋಡಿದರೆ ಅವಳು ಕಣ್ಣು ಮುಚ್ಚಿದ್ದಳು.

ಟಾರ್ಚ್ ಆರಿಸಲಾ?
ಬೇಡ, ಇರಲಿ. ಕೈಗೆ ಬಿಸಿ ಬರುತ್ತೆ.

ಹಳೇ ಬಲ್ಬಿನ ಟಾರ್ಚ್. ಇನ್ನಷ್ಟು ಹತ್ತಿರ ಹಿಡಿದೆ.
ಒಂದು ಕಿರುಗುಟ್ಟು, ಎಳೇ ಬಾಗಿಲು ತೆರೆದಂತಲ್ಲ,
ಹಳೇ ಜಗಳ ಸೋತಂತೆ.
ಆಮೇಲೆ ಟಿಕ್, ಟಿಕ್, ಟಿಕ್,
ಕಿರುಬೆರಳಗಲದ ಓಡಾಟ,
ಎಪ್ಪತ್ತೆರಡಾದರೆ ಒಂದು ಸುತ್ತು.
ಹನ್ನೊಂದು ಸುತ್ತು ಎಣಿಸಿದೆ, ಮುಂದೆ ತಪ್ಪಿತು.

ಸಂಜೆ ಎಂಜಿನ್ ಕೆಮ್ಮಿ, ಉಗುಳಿ, ಹಿಡಿಯಿತು.
ಗುರಾಮ ಯಾರನ್ನೋ ಅಪ್ಪಿಕೊಂಡ, ನನ್ನನ್ನಲ್ಲ.
ಬೆಂಕಿಪೊಟ್ಟಣದಲ್ಲಿ ಹಿಟ್ಟು ಒಣಗಿ ಬಿರಿದಿತ್ತು,
ಈಗ ಅಳೆದರೆ ಇಪ್ಪತ್ತೆಂಟೂ ಬರುತ್ತಿರಲಿಲ್ಲ.
ಝುಝುನಾ ಬಿಸಿ ರೊಟ್ಟಿ ಹಂಚುತ್ತಾ ಬಂದು
ತಟ್ಟೆ ನೋಡಿ, ತಲೆ ಎಣಿಸಿ, ನಿಂತಳು:
ಒಂದು ಕಡಿಮೆ ಬಿತ್ತಲ್ಲ, ಯಾರದು?

ಎಲ್ಲರೂ ನನ್ನ ಕಡೆ ನೋಡಿದರು.