ಉಪ್ಪಿನ ಮುಚ್ಚಳ

ಶಹಾಬಜಾರ ನಾಕಾ ದಾಟಿದ್ರ ಎರಡನೇ ಶಟರ್ ನಂದು.
ಫರಸಿ ಮ್ಯಾಲ ಹೊಟ್ಟು, ಹೊಟ್ಟಿನ ಮ್ಯಾಲ ನಾನು.
ಖರಾದಿ ಮಷೀನಿನ ಪಟ್ಟಾ ಸಡ್ಲ ಆಗಿ
ನಡುನಡುವ ಕೆಮ್ಮತದ.

ನೀಲಗಂಗಮ್ಮ ಟೀಚರ್ ಮೂರು ಡಬ್ಬಿ ಹೇಳ್ಯಾರ:
ಸಕ್ಕರಿ, ಅರಿಶಿಣ, ಉಪ್ಪು.
"ಕಣ್ಣಿಗಿ ಪರದಾ ಬಂದದಪ್ಪಾ,
ಯಾವ್ದು ಯಾವ್ದಂತ ಬೆರಳಿಗಿ ತಿಳೀಬೇಕು."

ಗೂಟಕ್ಕ ಮೂರು ತೂಗ್ಯಾವ.
ಪುಣೆದಿಂದ ಕೊರಿಯರಿನ್ಯಾಗ ಬಂದ ಹಲ್ಲಿನ ಗಾಲಿ,
ಹಿಡಿಕಿ ಇನ್ನಾ ನನ್ನ ಬೆವರು ಕುಡದಿಲ್ಲ.
ಕೆಟ್ಟ ಗಡಿಯಾರದ ಚಕ್ರ, ಮೊಳಿಗಿ ಸಿಗಿಸಿದ್ದು.
ನಾನೇ ಮಸದ ಹ್ಯಾಕ್‌ಸಾ ಬ್ಲೇಡು,
ಕಟ್ಟಿಗಿ ಮುಟ್ಟಿದ್ರ ಚಳಿಜ್ವರದವನ ಹಲ್ಲಿನಂಗ ಕಟಕಟ.

ಬೇವು ಬ್ಯಾಡ. ಗಾಲಿ ಒತ್ತಿದ್ರ ನಾರು ಕಿತ್ತು
ನಾಯಿ ಕಚ್ಚಿದ ರೊಟ್ಟಿ ಆಗತದ.
ಜಾಲಿ ಆದ್ರ ಹಲ್ಲಿಗಿ ಹಲ್ಲು ಕೊಡತದ.

ಸಕ್ಕರಿಗಿ ಗಾಲಿ.
ಓರೆ ಹಿಡದು, ಉಸಿರು ಹಿಡದು, ಒಂದೇ ಸಲ.
ಎರಡನೇ ಸಲ ಒಯ್ದ್ರ ಹಲ್ಲು ತನ್ನ ಕುಣಿ ಮರತು
ಪಕ್ಕದ ಮನಿ ಹೊಕ್ಕತದ.
ಅರಿಶಿಣಕ್ಕ ಬ್ಲೇಡು,
ನಡುವಿನಿಂದ ಅಂಚಿನಮಟ ಕಿರಣ ಎದ್ದವು,
ನನಗೇ ಹಿಗ್ಗಾಯ್ತು.

ಉಪ್ಪಿಗಿ ಗಡಿಯಾರದ ಚಕ್ರ ಎತ್ತಿದೆ.
ಬಾಗಲದಾಗ ನಿಂತೇ ಅಂದರು ಟೀಚರ್:
"ಅದಕ್ಕೇನೂ ಬ್ಯಾಡ. ನಯ ಇರಲಿ.
ದಿನಾ ಹತ್ತು ಸಲ ಕೈ ಹೋಗೂದು ಅದಕ್ಕೇ."

ಕರೆಂಟ್ ಹೋಗಿ, ಬಂದು, ಮತ್ತ ಹೋಗಿ
ಎರಡು ಮುಚ್ಚಳಕ್ಕ ಅರ್ಧ ತಾಸು,
ಈ ಬೋಳೊಂದಕ್ಕ ಸಂಜಿಮಟ.
ಗೆರಿ ಕೆಳಗ ತಪ್ಪು ಅಡಗತದ,
ಇಲ್ಲಿ ಅಡಗಲಿಕ್ಕಿ ಜಾಗಾನೇ ಇಲ್ಲ.

ಮರುದಿನ ಬಂದು ಹೆಬ್ಬೆರಳು ತಿರುವಿದರು, ನಿಧಾನಕ.
ಅಂಚಿಗಿ ಒಂದು ಕಡಿ ನಿಂತರು.
"ಇಲ್ಲೇನು,
ನಿನ್ನ ಪಟ್ಟಾ ಕೆಮ್ಮಿದ್ದು?"